ತಾಳಿ ಕಟ್ಟಿದ ಮೇಲಿನ ಪ್ರೇಮಕಥೆ

ನಾಯಕ–ನಾಯಕಿ ಕೊನೆಗೆ ಒಂದಾಗುವ ಪ್ರೇಮಕಥೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಕನ್ನಡದ ಪ್ರೇಕ್ಷಕರದ್ದೂ ಇದೇ ಚಾಳಿಯಿರಬೇಕು. ‘ಬಂಧನ’ದ (1984) ಡಾ. ಹರೀಶ್, ‘ಮುಂಗಾರು ಮಳೆ’ಯ (2006) ಪ್ರೀತಮ್ ಇಬ್ಬರೂ ಪ್ರೀತಿಸಿದವಳನ್ನು ಬಿಟ್ಟುಕೊಟ್ಟೇ ಜನರ ಮನಸ್ಸಲ್ಲಿ ಕೂತವರು. (ಎರಡರಲ್ಲೂ ನಾಯಕಿಯ ಹೆಸರು ನಂದಿನಿ!) ‘ಬಂಧನ’ದ ನಂದಿನಿಯ ಸ್ನೇಹವನ್ನೇ ಪ್ರೀತಿ ಎಂದುಕೊಂಡ ಹರೀಶನಾಗಿ ‘ಸಾಹಸಸಿಂಹ’ ವಿಷ್ಣುವರ್ಧನ್ ಹೊಡೆದಾಟವಿಲ್ಲದೆ ಗೆದ್ದರು.

ಆದರೂ ನನ್ನ ಓಟು ‘ಎರಡು ಕನಸು’ (1974) ಚಿತ್ರಕ್ಕೆ. ವಾಣಿಯವರ ಕಾದಂಬರಿ, ದೊರೈ–ಭಗವಾನ್ ನಿರ್ದೇಶನ. ಹಳೆಯ ಪ್ರೀತಿಯ ಗುಂಗಿನಲ್ಲೇ ಇರುವ ರಾಜ್‌ಕುಮಾರ್, ಕೈಹಿಡಿದ ಗೌರಿಯನ್ನು ಹತ್ತಿರ ಸೇರಿಸುವುದಿಲ್ಲ. ಕಲ್ಪನಾ ಎಂದರೆ ಅಬ್ಬರ ಅನ್ನುವವರು ಈ ಗೌರಿಯನ್ನು ನೋಡಬೇಕು. ಅರ್ಧ ಸಂಸಾರ ಅವರ ಕಣ್ಣಲ್ಲೇ ನಡೆಯುತ್ತದೆ. ತಕರಾರೂ ಇದೆ: ಅವಳ ತಾಳ್ಮೆಯನ್ನು ಸಿನಿಮಾ ಅತಿಯಾಗಿ ಹೊಗಳುತ್ತದೆ. ಗಂಡನಿಗೆ ಒಮ್ಮೆಯಾದರೂ ಚೆನ್ನಾಗಿ ಬೈದಿದ್ದರೆ ನಾನಂತೂ ಶಿಳ್ಳೆ ಹೊಡೆಯುತ್ತಿದ್ದೆ. ಆದರೆ ಮದುವೆಯಾದ ಮೇಲೆ ನಿಧಾನವಾಗಿ ಹುಟ್ಟುವ ಪ್ರೀತಿಯನ್ನು ಇಷ್ಟು ನಂಬುವಂತೆ ತೋರಿಸಿದ ಕನ್ನಡ ಚಿತ್ರ ನಾನು ಬೇರೆ ಕಂಡಿಲ್ಲ. ರಾಜನ್–ನಾಗೇಂದ್ರರ ಹಾಡುಗಳಿಂದಷ್ಟೇ ಇದನ್ನು ಬಲ್ಲವರು ಒಮ್ಮೆ ಪೂರ್ತಿ ನೋಡಿ.