ನಕ್ಷತ್ರ ತೂಗದ ಮನೆಗಳು: ಕ್ರಿಸ್ತಜಯಂತಿಯ ದಿನಗಳ ಮನೋಒತ್ತಡ ಮತ್ತು ಪಾಲನಾ ಸೇವೆ

ಡಿಸೆಂಬರ್ ತಿಂಗಳು ಹುಟ್ಟುತ್ತಿದ್ದಂತೆ ಜಾಲಹಳ್ಳಿಯ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಗಂಗಮ್ಮ ವೃತ್ತದಿಂದ ಎಚ್.ಎಂ.ಟಿ. ಬಡಾವಣೆಯವರೆಗೆ ಸಂಜೆಯ ಹೊತ್ತು ನಡೆದುಹೋದರೆ ಎಷ್ಟು ಮನೆಗಳು ನಮ್ಮ ಧರ್ಮಕೇಂದ್ರಕ್ಕೆ ಸೇರಿದವೆಂದು ಎಣಿಸಿ ಹೇಳಬಹುದು. ಅದೇ ವಾರದಲ್ಲಿ ಗುರುಗಳ ಕಚೇರಿಯ ಗೋಡೆಯ ಮೇಲೆ ಒಂದು ಪಟ್ಟಿ ಏರುತ್ತದೆ: ವಲಯವಾರು ಕ್ಯಾರಲ್ ಗಾಯನ, ಪಾಪನಿವೇದನೆಯ ದಿನಗಳು, ಗೋದಲಿ ಸ್ಪರ್ಧೆ, ಬಡವರಿಗೆ ವಸ್ತ್ರದಾನ, ಶಾಲೆಯ ಸಮಾರಂಭ, ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳ ಬಲಿಪೂಜೆಯ ವೇಳೆ. ಆನಂದದ ವಾರ್ತೆಯನ್ನು ಸಾರಬೇಕಾದ ದಿನಗಳು ಸಾರುವವನನ್ನೂ ಕೇಳುವವನನ್ನೂ ಏಕೆ ಇಷ್ಟು ದಣಿಸುತ್ತವೆ, ಈ ದಣಿವಿನ ಕುರಿತು ನಮ್ಮ ದೈವಶಾಸ್ತ್ರವು ಏನಾದರೂ ಹೇಳುತ್ತದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ. ಗುರುಮಠದ ಅಭ್ಯರ್ಥಿಗಳು ಹಬ್ಬದ ಸೇವೆಗೆಂದು ಧರ್ಮಕೇಂದ್ರಗಳಿಗೆ ಹೊರಡುವ ಈ ಹೊತ್ತಿನಲ್ಲಿ ಇದು ಬರಿಯ ಬೌದ್ಧಿಕ ಪ್ರಶ್ನೆಯಲ್ಲ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕ್ಯಾರಲ್ ತಂಡದೊಡನೆ ನಾವು ಒಂದು ಓಣಿಯಲ್ಲಿ ಸಾಗುತ್ತಿದ್ದೆವು. ಒಂದೇ ರಾತ್ರಿಯಲ್ಲಿ ಮೂವತ್ತಕ್ಕೂ ಮಿಕ್ಕಿ ಮನೆಗಳನ್ನು ಮುಗಿಸಬೇಕಿತ್ತು. ನಕ್ಷತ್ರ ಕಂಡ ಕಡೆ ನಿಂತೆವು, ಹಾಡಿದೆವು, ಹೊರಟೆವು. ನಕ್ಷತ್ರವಿಲ್ಲದ ಒಂದು ಮನೆಯನ್ನು ದಾಟಿಹೋದೆವು; ಆ ವರ್ಷ ಅಲ್ಲಿ ಸಾವಾಗಿತ್ತು, ಸೂತಕದ ವರ್ಷದಲ್ಲಿ ಹಾಡಿ ನೋಯಿಸುವುದು ಬೇಡವೆಂಬುದು ತಂಡದ ಹಿರಿಯರ ಎಣಿಕೆ. ಮುಂದಿನ ಭಾನುವಾರ ಆ ಮನೆಯ ತಾಯಿ ದೇವಾಲಯದ ಬಾಗಿಲಲ್ಲಿ ನಿಂತು, "ಸ್ವಾಮಿ, ನಕ್ಷತ್ರ ಕಟ್ಟೋರು ಹೋದ್ರು ಅಂತ ನಮ್ಮನೆ ಬಿಟ್ಟುಬಿಟ್ರಾ?" ಎಂದು ಕೇಳಿದರು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಾವು ಎಣಿಸುತ್ತಿದ್ದುದು ಮನೆಗಳನ್ನು, ಮನೆಯೊಳಗಿನವರನ್ನಲ್ಲ. ಒತ್ತಡವು ಪಾಲಕನಿಗೆ ಮಾಡುವ ಹಾನಿಯಲ್ಲಿ ಇದು ಮೊದಲನೆಯದೆಂದು ಈಗ ತೋರುತ್ತದೆ: ಅದು ಅವನ ಕಣ್ಣನ್ನು ಕಸಿದುಕೊಳ್ಳುತ್ತದೆ.

ಜಾಲಹಳ್ಳಿಯ ಹಬ್ಬದ ಒತ್ತಡವನ್ನು ಅರಿಯಲು ಜಾಲಹಳ್ಳಿಯನ್ನೇ ಸ್ವಲ್ಪ ಅರಿಯಬೇಕು. ಇದು ದೂರದಿಂದ ಬಂದವರ ಊರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಲ್ಲಿ ಇರಿಸಲಾಗಿತ್ತು. ಬಹುಪಾಲು ಕಥೋಲಿಕರಾಗಿದ್ದ ಅವರು ತಮ್ಮ ಕ್ರಿಸ್ತಜಯಂತಿಗಳನ್ನು ತಾಯ್ನೆಲದಿಂದ ಸಹಸ್ರಾರು ಮೈಲಿ ದೂರದಲ್ಲಿ ಕಳೆದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಳಿಕ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ವಾಯುಪಡೆಯ ನೆಲೆ ಬೆಳೆಯಿತು, ಪಕ್ಕದ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳು ಹಬ್ಬಿದವು. ಮಂಗಳೂರಿನ ಕೊಂಕಣಿಗರು, ತಮಿಳರು, ಮಲಯಾಳಿಗಳು, ಹಳೆಯ ಮೈಸೂರು ಸೀಮೆಯ ಕನ್ನಡಿಗರು ಒಂದೇ ಧರ್ಮಕೇಂದ್ರದ ಮಕ್ಕಳಾದರು. ಇವರಲ್ಲಿ ಅನೇಕರಿಗೆ ಹಬ್ಬವೆಂದರೆ ಇಂದಿಗೂ 'ಊರಿನ' ಹಬ್ಬ. ಹೋಗಬೇಕೆಂದರೆ ರಜೆ ಸಿಗದು. ಸಿಕ್ಕರೂ ಖಾಸಗಿ ಬಸ್ಸಿನ ದರ ಆ ವಾರದಲ್ಲಿ ಎಲ್ಲಿಗೋ ಏರಿರುತ್ತದೆ. ವಾಯುಪಡೆಯ ಕುಟುಂಬಗಳಲ್ಲಿ ಗೃಹಸ್ಥನೇ ಗಡಿಯಲ್ಲಿರಬಹುದು. ಪೀಣ್ಯದ ಪಾಳಿ ಕೆಲಸದವನಿಗೆ ಇಪ್ಪತ್ತನಾಲ್ಕರ ರಾತ್ರಿಯೂ ಪಾಳಿಯೇ.

ಇನ್ನೊಂದು ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಆರಂಭವಾದ ಕೈಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಸಮಿತಿ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ಎದ್ದು, ಉಂಡು, ಪ್ರಾರ್ಥಿಸಿದ ಒಂದು ತಲೆಮಾರು ಇನ್ನೂ ನಮ್ಮ ಪೀಠಗಳಲ್ಲಿ ಕುಳಿತಿದೆ. ಇಂತಹ ಮನೆಗಳಲ್ಲಿ ಹಬ್ಬವು ಹಳೆಯ ಬೋನಸ್ಸಿನ ನೆನಪನ್ನೂ ಹೊತ್ತು ತರುತ್ತದೆ. ಮೊಮ್ಮಕ್ಕಳಿಗೆ ಹೊಸ ಬಟ್ಟೆ ತರಲಾಗದ ಅಜ್ಜನು ಇಪ್ಪತ್ತೈದರ ಬೆಳಿಗ್ಗೆ ದೇವಾಲಯಕ್ಕೆ ಬಾರದಿದ್ದರೆ ಅದನ್ನು ಅವಿಶ್ವಾಸವೆಂದು ಎಣಿಸಬಾರದು. ಅದು ಬಹುಶಃ ನಾಚಿಕೆ.

ಗೃಹಿಣಿಯರ ಪಾಡು ಬೇರೆಯೇ ಆಗಿದೆ. ಕುಸ್ವಾರಿನ ತಟ್ಟೆ ನೋಡಲು ಚೆಂದ. ನೆವ್ರಿ, ಕುಲ್ಕುಲ್, ಗುಳಿಯೊ, ಕಿಡಿಯೊ ಎಲ್ಲವೂ ಒಂದೊಂದು ರಾತ್ರಿಯ ನಿದ್ದೆಯನ್ನು ನುಂಗಿರುತ್ತವೆ. ಹಿಂದೆ ಅತ್ತಿಗೆ, ನಾದಿನಿ, ನೆರೆಯವರು ಸುತ್ತ ಕುಳಿತು ಮಾತಾಡುತ್ತ ಮಾಡುತ್ತಿದ್ದುದನ್ನು ಇಂದು ಕಚೇರಿಯಿಂದ ಬಂದ ಒಬ್ಬಳೇ ಮಾಡಬೇಕಾಗಿದೆ. ಮಾರ್ತಳ ಪ್ರಸಂಗವನ್ನು ಬೋಧಿಸುವಾಗ ನಾವು ಸುಲಭವಾಗಿ ಮರಿಯಳ ಪಕ್ಷ ವಹಿಸುತ್ತೇವೆ. ಪ್ರಭು ಮಾರ್ತಳಿಗೆ ಬೇಸರಿಸಿದ್ದು ಆಕೆ ಅಡಿಗೆ ಮಾಡಿದಳೆಂದಲ್ಲ, ಹಲವು ಚಿಂತೆಗಳಲ್ಲಿ ಹರಿದುಹೋದಳೆಂದು. ಸಂತ ಲೂಕನು ಹಾಗೆಯೇ ಬರೆದಿದ್ದಾನೆ. ಬೋಧನೆಯ ಅನಂತರ ಅದೇ ಮಾರ್ತಳ ಮನೆಯಲ್ಲಿ ಊಟಕ್ಕೆ ಕುಳಿತುಕೊಳ್ಳುವವರು ನಾವೇ ಎಂಬುದೂ ನೆನಪಿರಲಿ.

ಒತ್ತಡವೆಂಬ ಪದವನ್ನು ವೈದ್ಯಕೀಯ ಅರ್ಥದಲ್ಲಿ ಪ್ರಚಾರಕ್ಕೆ ತಂದವನು ಹಾನ್ಸ್ ಸೆಲ್ಯೆ. 1936ರಲ್ಲಿ ಪ್ರಕಟವಾದ ಆತನ ಕಿರುಲೇಖನವೇ ಮೂಲ. ಅಪಾಯ ಎದುರಾದಾಗ ದೇಹವು ಮೊದಲು ಎಚ್ಚರಗೊಳ್ಳುತ್ತದೆ, ಬಳಿಕ ಎದುರಿಸಿ ನಿಲ್ಲುತ್ತದೆ, ಅದು ತೀರ ದೀರ್ಘವಾದರೆ ಸೋತು ಕುಸಿಯುತ್ತದೆ ಎಂಬ ಮೂರು ಹಂತಗಳನ್ನು ಆತನು ಗುರುತಿಸಿದನು. ಇದರಲ್ಲಿ ನಮಗೆ ಮುಖ್ಯವಾದುದು ಎರಡನೆಯ ಹಂತ. ಅದು ಶಕ್ತಿಯಂತೆ ತೋರುತ್ತದೆ. ಡಿಸೆಂಬರ್ ಹದಿನೈದರಿಂದ ಇಪ್ಪತ್ತನಾಲ್ಕರವರೆಗೆ ಗುರುವು ನಾಲ್ಕು ಗಂಟೆ ನಿದ್ದೆಯಲ್ಲಿ ಉತ್ಸಾಹದಿಂದಲೇ ಓಡಾಡುತ್ತಾನೆ. ಕುಸಿತವು ಇಪ್ಪತ್ತೈದರ ಮಧ್ಯಾಹ್ನ ಬರುತ್ತದೆ. ಕೊನೆಯ ಬಲಿಪೂಜೆ ಮುಗಿದು, ಜನರೆಲ್ಲ ತಮ್ಮ ತಮ್ಮ ಮನೆಗೆ ಹೋಗಿ, ಗುರುನಿವಾಸದ ಮೇಜಿನ ಮೇಲೆ ಹತ್ತು ಮನೆಗಳ ಕೇಕು ಉಳಿದು, ಅದನ್ನು ಹಂಚಿಕೊಳ್ಳಲು ಯಾರೂ ಇಲ್ಲದ ಆ ಗಳಿಗೆಯ ಬಗ್ಗೆ ಗುರುಗಳು ಪರಸ್ಪರ ಮಾತಾಡುವುದು ಅಪರೂಪ. ಮಾತಾಡಬೇಕೆಂದು ನಾವು ಬಲವಾಗಿ ನಂಬುತ್ತೇವೆ.

ಇಲ್ಲಿ ಧರ್ಮಸಭೆಯ ಪಂಚಾಂಗವನ್ನು ಗಮನಿಸಬೇಕು, ಏಕೆಂದರೆ ನಮ್ಮ ಒತ್ತಡದ ದೊಡ್ಡ ಪಾಲು ಅದನ್ನು ನಾವು ತಲೆಕೆಳಗು ಮಾಡಿದ್ದರಿಂದಲೇ ಹುಟ್ಟಿದೆ ಎಂಬುದು ನಮ್ಮ ವಾದ. ಆಗಮನ ಕಾಲವು ಕಾಯುವ ಕಾಲ. ಊದಾ ಬಣ್ಣದ ಉಡುಪು, ಮಹಿಮಾ ಗೀತೆಯಿಲ್ಲದ ಭಾನುವಾರದ ಬಲಿಪೂಜೆ, ಮಿತವಾದ ಅಲಂಕಾರ, ಎಲ್ಲವೂ ಅದನ್ನೇ ಸೂಚಿಸುತ್ತವೆ. ಡಿಸೆಂಬರ್ 17ರಿಂದ ಮಾತ್ರ ಆರಾಧನೆಯು ನೇರವಾಗಿ ಪ್ರಭುವಿನ ಜನನದತ್ತ ತಿರುಗುತ್ತದೆ. ಹಬ್ಬವು 25ರಂದು ಆರಂಭವಾಗುತ್ತದೆ, ಮುಗಿಯುವುದಿಲ್ಲ. ಜನವರಿ 1ರವರೆಗೆ ಎಂಟು ದಿನ ಒಂದೇ ಹಬ್ಬ, ಅನಂತರ ಜ್ಞಾನಿಗಳ ಆಗಮನವನ್ನು ಸ್ಮರಿಸುವ ಪ್ರಭುದರ್ಶನದ ಹಬ್ಬ, ಕೊನೆಗೆ ಪ್ರಭುವಿನ ಸ್ನಾನದೀಕ್ಷೆಯ ಹಬ್ಬ. ನಮ್ಮ ರೂಢಿಯಾದರೋ ಡಿಸೆಂಬರ್ ಒಂದರಿಂದಲೇ ಹಬ್ಬ ಮಾಡಿ, ಇಪ್ಪತ್ತಾರರಂದು ಬಾಗಿಲು ಹಾಕುತ್ತದೆ. ಅಂಗಡಿಗಳ ಪಂಚಾಂಗ ಅದು. ಇಪ್ಪತ್ತನಾಲ್ಕು ದಿನಗಳಲ್ಲಿ ತುರುಕಿದುದನ್ನು ಹಬ್ಬದ ದಿನಗಳುದ್ದಕ್ಕೂ ಹರಡಿದರೆ ಕ್ಯಾರಲ್ ತಂಡವು ಒಂದು ರಾತ್ರಿಗೆ ಮೂವತ್ತು ಮನೆ ಓಡಬೇಕಿಲ್ಲ. ಇಪ್ಪತ್ತಾರರ ಅನಂತರ ಹಾಡಲು ಬಂದರೆ ಜನರು ನಗುವರೆಂಬ ಆಕ್ಷೇಪವನ್ನು ಕೇಳಿದ್ದೇವೆ. ಮೊದಲ ವರ್ಷ ನಗಬಹುದು.

ಆ ಎಂಟು ದಿನಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಧರ್ಮಸಭೆಯು ಸಂತೋಷವನ್ನು ಶೋಕದಿಂದ ಬೇರ್ಪಡಿಸಿಲ್ಲವೆಂಬುದು ತಿಳಿಯುತ್ತದೆ. ಜನನದ ಮರುದಿನವೇ ಕಲ್ಲೇಟಿಗೆ ಬಲಿಯಾದ ಸಂತ ಸ್ತೇಫನನ ಹಬ್ಬ. 28ರಂದು ಹೆರೋದನ ಕತ್ತಿಗೆ ಸಿಕ್ಕ ಎಳೆಯ ಮಕ್ಕಳ ಸ್ಮರಣೆ. ಸಮಾಧಾನ ಬೇಡವೆಂದು ಅಳುವ ರಾಹೇಲಳನ್ನು ಸಂತ ಮತ್ತಾಯನು ಜನನದ ವೃತ್ತಾಂತದೊಳಗೇ ಸೇರಿಸಿದ್ದಾನೆ. ಮಗುವನ್ನೋ ಪತಿಯನ್ನೋ ಕಳೆದುಕೊಂಡ ಮೊದಲ ವರ್ಷದಲ್ಲಿರುವವರಿಗೆ ಈ ದಿನ ವಿಶೇಷವಾಗಿ ಸಲ್ಲಬೇಕು. ಸಂಜೆ ದೀಪ ಹಚ್ಚಿ, ತೀರಿಹೋದವರ ಹೆಸರು ಹೇಳಿ, ಮೌನವಾಗಿ ಪ್ರಾರ್ಥಿಸಿದರೆ ಸಾಕು. ದೀರ್ಘ ಬೋಧನೆ ಬೇಡ.

ಹಬ್ಬದ ದಿನಗಳಲ್ಲೇ ಆತ್ಮಹತ್ಯೆಗಳು ಹೆಚ್ಚೆಂಬ ಮಾತನ್ನು ಬೋಧನಾ ಪೀಠದಿಂದಲೂ ಕೇಳಿದ್ದೇವೆ. ಪಾಶ್ಚಾತ್ಯ ದೇಶಗಳಲ್ಲಿ ನಡೆದ ಹಲವು ಅಧ್ಯಯನಗಳು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿವೆ: ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ಸಂಖ್ಯೆ ಇಳಿಯುತ್ತದೆ, ಹೊಸ ವರ್ಷದ ಆರಂಭದಲ್ಲಿ ಏರುತ್ತದೆ. ಜನರ ಸಂಗ, ಕರೆ, ನಿರೀಕ್ಷೆ ಇರುವಷ್ಟು ದಿನ ಮನಸ್ಸು ಹೇಗೋ ತಡೆದುಕೊಳ್ಳುತ್ತದೆ. ದೀಪಗಳನ್ನು ಇಳಿಸಿದಾಗ ಬರಿದಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ನಮ್ಮ ನಾಡಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದಿದ್ದರೂ ಪಾಲಕನಿಗೆ ಸೂಚನೆ ಸ್ಪಷ್ಟವಾಗಿದೆ. ಗುರುಗಳು ದಣಿದು ರಜೆಗೆ ಹೋಗುವ ಜನವರಿಯ ಮೊದಲ ವಾರಗಳಲ್ಲೇ ಕೆಲವು ಮನೆಗಳಿಗೆ ಅವರು ಅತ್ಯಗತ್ಯವಾಗಿರುತ್ತಾರೆ. ಆದುದರಿಂದ ಡಿಸೆಂಬರಿನಲ್ಲಿ ಶಕ್ತಿಯನ್ನು ಉಳಿಸಿಕೊಳ್ಳುವುದು ಸ್ವಾರ್ಥವಲ್ಲ.

ಉಳಿಸಿಕೊಳ್ಳುವುದು ಹೇಗೆ? ಆಗಮನ ಕಾಲದ ಶುಭಸಂದೇಶದಲ್ಲಿ ಪದೇ ಪದೇ ಎದುರಾಗುವ ಸ್ನಾನಿಕ ಯೊವಾನ್ನನು, ಸಂತ ಯೊವಾನ್ನನ ಮೊದಲನೆಯ ಅಧ್ಯಾಯದಲ್ಲಿ, ತಾನು ಕ್ರಿಸ್ತನಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಅವನ ಸಾಕ್ಷ್ಯವು ಒಂದು ನಿರಾಕರಣೆಯಿಂದ ಮೊದಲಾಗುತ್ತದೆ. ಡಿಸೆಂಬರಿನಲ್ಲಿ ಗುರುವಿಗೆ ಇದಕ್ಕಿಂತ ಬಿಡುಗಡೆಯ ವಿಶ್ವಾಸಪ್ರಮಾಣ ಮತ್ತೊಂದಿಲ್ಲ. ನಾವಿಲ್ಲದಿದ್ದರೆ ಗೋದಲಿ ಏಳದು, ಗಾಯನ ನಡೆಯದು, ಹಬ್ಬವೇ ಆಗದು ಎಂಬ ಭಾವನೆಯ ಬುಡದಲ್ಲಿ ಒಂದು ಸಣ್ಣ ದೈವವಿಜ್ಞಾನದ ದೋಷವಿದೆ. ಮನುಷ್ಯಾವತಾರವು ಆಗಿಹೋಗಿದೆ, ಅದು ನಮ್ಮ ಸಿದ್ಧತೆಗೆ ಕಾಯಲಿಲ್ಲ. ಕಾನೂನೂ ಇಲ್ಲಿ ನಮ್ಮ ಪರವಾಗಿದೆ. ಗುರುಗಳ ಕೊರತೆ ಇದ್ದರೂ ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಒಬ್ಬ ಗುರುವಿಗೆ ಮೂರು ಬಲಿಪೂಜೆಗಳಿಗಷ್ಟೇ ಅನುಮತಿ ನೀಡಬಹುದೆಂದು ಧರ್ಮಸಭೆಯ ಕಾನೂನಿನ 905ನೆಯ ವಿಧಿ ಮಿತಿ ಹಾಕಿದೆ. 533ನೆಯ ವಿಧಿ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗಿನ ರಜೆಯನ್ನು ಮಾನ್ಯಮಾಡಿದೆ. ನಾಲ್ಕನೆಯ ಬಲಿಪೂಜೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಕಂಡಾಗ ನಮಗೆ ಮರುಕವೇ ಹೆಚ್ಚು.

ಎಲೀಯನ ಕಥೆಯಲ್ಲಿ ಚಿಕಿತ್ಸೆಯ ಕ್ರಮವೇ ಇದೆ. ಕಾರ್ಮೆಲಿನ ಮಹಾವಿಜಯದ ಬೆನ್ನಲ್ಲೇ ಅವನು ಅಡವಿಯ ಗಿಡದ ಕೆಳಗೆ ಬಿದ್ದು ಸಾವನ್ನು ಬೇಡುತ್ತಾನೆ. ದೂತನು ಅವನನ್ನು ಗದರಿಸಲಿಲ್ಲ, ಪ್ರಾರ್ಥನೆ ಮಾಡೆಂದೂ ಹೇಳಲಿಲ್ಲ. ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ಇಲ್ಲಿ ಏನು ಮಾಡುತ್ತಿರುವೆ ಎಂಬ ದೇವರ ಪ್ರಶ್ನೆ ಬರುವುದು ನಲವತ್ತು ದಿನಗಳ ಅನಂತರ. ಹಬ್ಬ ಮುಗಿದ ರಾತ್ರಿ ತನ್ನ ದೈವಕರೆಯನ್ನೇ ಸಂಶಯಿಸುವ ಯುವ ಗುರುವಿಗೆ ನಾವು ಹೇಳುವುದಿಷ್ಟೆ: ಎರಡು ದಿನ ಉಂಡು ಮಲಗು, ಆಮೇಲೆ ಸಂಶಯಿಸು. ನಾಲ್ಕನೆಯ ಶತಮಾನದ ಮರುಭೂಮಿಯ ತಪಸ್ವಿ ಎವಾಗ್ರಿಯಸನು ನಡುಹಗಲ ಬೇಸರವೆಂಬ ಪಿಶಾಚಿಯನ್ನು ವರ್ಣಿಸುತ್ತ, ಅದು ಹಿಡಿದವನಿಗೆ ಇರುವ ಜಾಗ ಹಿಡಿಸದು, ಸಹೋದರರಲ್ಲಿ ಪ್ರೀತಿಯೇ ಉಳಿದಿಲ್ಲವೆಂದು ತೋರುತ್ತದೆ ಎಂದಿದ್ದಾನೆ. ವಿಶ್ರಾಂತಿಯ ಅನಂತರವೂ ಜನರ ಮೇಲಿನ ತಾತ್ಸಾರ ಹೋಗದಿದ್ದರೆ, ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಮದ್ಯವು ಅಭ್ಯಾಸವಾಗುತ್ತಿದ್ದರೆ, ಆಗ ಅದು ಹಬ್ಬದ ದಣಿವಲ್ಲ. ವೈದ್ಯರ ಬಳಿಗೆ ಹೋಗಬೇಕು.

ಪಾಪನಿವೇದನೆಯ ಪೀಠದ ಬಗ್ಗೆಯೂ ಒಂದು ಎಚ್ಚರಿಕೆ. ಸರದಿ ಉದ್ದವಿರುವಾಗ ಮೂರು ನಿಮಿಷಕ್ಕೆ ಒಬ್ಬರೆಂದು ಮುಗಿಸುತ್ತೇವೆ. ಅಲ್ಲಿ ಒಬ್ಬರು ತಮ್ಮ ಹತಾಶೆಯನ್ನು ಪಾಪವೆಂದು ಹೇಳಿಕೊಳ್ಳಬಹುದು, ಗಂಡನ ಕುಡಿತಕ್ಕೆ ಹಬ್ಬವನ್ನೇ ಹೆದರುವ ಹೆಣ್ಣುಮಗಳು ತನ್ನ ಕೋಪವನ್ನು ಮಾತ್ರ ನಿವೇದಿಸಬಹುದು. ಪಾಪವಿಮೋಚನೆಯ ಜೊತೆಗೆ, "ಅಮ್ಮಾ, ಹಬ್ಬದ ನಂತರ ಒಮ್ಮೆ ಬಂದು ಮಾತಾಡಿ" ಎಂದು ಹೇಳಿದರೆ ಆಕೆ ಬರುವ ಸಂಭವವಿದೆ. ಹೊರಗಿನ ಫಲಕದ ಮೇಲೆ ಬಲಿಪೂಜೆಯ ವೇಳೆಯ ಪಕ್ಕದಲ್ಲೇ 14416 ಎಂಬ ಸಂಖ್ಯೆಯನ್ನು ಬರೆಸಬಹುದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ನಮ್ಮ ನಗರದ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಹಗಲಿರುಳೂ, ಕನ್ನಡದಲ್ಲಿಯೂ, ಶುಲ್ಕವಿಲ್ಲದೆ ಮಾತಾಡಬಹುದು.

ನಾವು ದಾಟಿಹೋಗಿದ್ದ ಆ ಮನೆಗೆ ಕೊನೆಗೆ ಹೋದೆವು, ಡಿಸೆಂಬರ್ 28ರ ಸಂಜೆ, ಇಬ್ಬರೇ, ಗಿಟಾರಿಲ್ಲದೆ. ಆ ತಾಯಿ ಕಾಫಿ ಕೊಟ್ಟರು. ಕುಸ್ವಾರು ಮಾಡಿರಲಿಲ್ಲ, ನೆರೆಯವರು ಕಳುಹಿಸಿದ್ದ ತಟ್ಟೆಯನ್ನೇ ಮುಂದಿಟ್ಟರು. ಹಾಡಬೇಕೇ ಬೇಡವೇ ಎಂದು ನಮಗೆ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಪತಿಗೆ ಇಷ್ಟವಾಗಿದ್ದ ಒಂದು ಹಾಡನ್ನು ಮೆಲ್ಲಗೆ ಎತ್ತಿಕೊಂಡರು, ನಾವು ದನಿಗೂಡಿಸಿದೆವು. ಆ ವರ್ಷದಿಂದ ನಮ್ಮ ಪೂಜಾ ಸಿದ್ಧತಾ ಕೋಣೆಯ ಬಾಗಿಲ ಹಿಂದೆ ಎರಡನೆಯ ಪಟ್ಟಿಯೊಂದು ಅಂಟಿಕೊಂಡಿದೆ. ಆ ವರ್ಷ ಸಾವಾದ ಮನೆಗಳು, ಕೆಲಸ ಹೋದವರು, ಒಂಟಿಯಾಗಿರುವ ಹಿರಿಯರು ಅದರಲ್ಲಿದ್ದಾರೆ. ಕ್ಯಾರಲ್ ತಂಡಕ್ಕೆ ಅದನ್ನು ಕೊಡುವುದಿಲ್ಲ. ಇಪ್ಪತ್ತಾರರಿಂದ ಜನವರಿಯ ನಡುವಿನವರೆಗೆ, ದಿನಕ್ಕೆ ಎರಡು ಮನೆಗಿಂತ ಹೆಚ್ಚಿಲ್ಲದಂತೆ, ನಾವೇ ಹೋಗಿಬರುತ್ತೇವೆ.