ಸಿರಿಲ್ ರೆಜಿಸ್‌ಗಾಗಿ ಅತ್ತ ಊರು

2018ರ ಜನವರಿ 14. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ಗೆ ಸುದ್ದಿ ಬಂತು: ಫುಟ್‌ಬಾಲ್ ಆಟಗಾರ ಸಿರಿಲ್ ರೆಜಿಸ್ ಇನ್ನಿಲ್ಲ. ವಯಸ್ಸು ಬರೀ 59.

ಫ್ರೆಂಚ್ ಗಯಾನಾದಲ್ಲಿ ಹುಟ್ಟಿ, ಲಂಡನ್‌ನಲ್ಲಿ ಬೆಳೆದವರು. ಎಲೆಕ್ಟ್ರಿಷಿಯನ್ ಕೆಲಸ ಮಾಡ್ಕೊಂಡೇ ಸಣ್ಣ ಕ್ಲಬ್ಬಿಗೆ ಆಡ್ತಿದ್ರು. 1977ರಲ್ಲಿ ಈ ಊರಿನ ಕ್ಲಬ್ ವೆಸ್ಟ್ ಬ್ರಾಮ್ ಅವರನ್ನ ಕೊಂಡಿದ್ದು 5,000 ಪೌಂಡಿಗೆ. ಅಲ್ಲಿ ಹೊಡೆದಿದ್ದು 112 ಗೋಲು! ಡಿಫೆಂಡರ್‌ಗಳನ್ನ ಹೆಗಲಲ್ಲೇ ಸರಿಸಿ ನುಗ್ಗೋ ಓಟ, ದೂರದಿಂದಲೇ ಸಿಡಿಯೋ ಶಾಟ್. ಆ ಗೋಲುಗಳ ಹಳೇ ವಿಡಿಯೋ ಒಮ್ಮೆ ನೋಡಿ, ಮೈ ಜುಮ್ಮನ್ನುತ್ತೆ.

ಆದ್ರೆ ಜನ ಅತ್ತಿದ್ದು ಗೋಲಿಗಾಗಿ ಮಾತ್ರ ಅಲ್ಲ. ಆ ಕಾಲದಲ್ಲಿ ಕಪ್ಪು ಆಟಗಾರರು ಮೈದಾನಕ್ಕಿಳಿದ್ರೆ ಗ್ಯಾಲರಿಯಿಂದ ಕೋತಿ ಕೂಗು, ಬಾಳೆಹಣ್ಣು. 1982ರಲ್ಲಿ ಇಂಗ್ಲೆಂಡ್ ತಂಡಕ್ಕೆ ಆಯ್ಕೆಯಾದಾಗ ರೆಜಿಸ್‌ಗೆ ಒಂದು ಪತ್ರ ಬಂತು. ಇಂಗ್ಲೆಂಡ್ ತಂಡ ಆಡೋ ವೆಂಬ್ಲಿ ಸ್ಟೇಡಿಯಮ್ಮಿಗೆ ಕಾಲಿಟ್ರೆ ಜೋಕೆ ಅನ್ನೋ ಬೆದರಿಕೆ. ಜೊತೆಗೆ ಒಂದು ಗುಂಡು. ನಿಜವಾದ ಬಂದೂಕಿನ ಗುಂಡು! ಅವರು ಹೆದರಲಿಲ್ಲ. ವೆಂಬ್ಲಿಗೆ ಹೋದ್ರು, ಆಡಿದ್ರು.

ವೆಸ್ಟ್ ಬ್ರಾಮ್‌ನಲ್ಲಿ ಇನ್ನಿಬ್ಬರು ಕಪ್ಪು ಆಟಗಾರರಾದ ಲಾರಿ ಕನ್ನಿಂಗ್‌ಹ್ಯಾಮ್, ಬ್ರೆಂಡನ್ ಬ್ಯಾಟ್ಸನ್ ಜೊತೆ ಅವರು ಒಂದೇ ತಂಡದಲ್ಲಿ ಆಡಿದ್ದನ್ನ ನೋಡಿ ಎಷ್ಟೋ ವಲಸಿಗರ ಮಕ್ಕಳಿಗೆ ಫುಟ್‌ಬಾಲ್ ತಮ್ಮದೂ ಅನ್ನಿಸ್ತು. ಮುಂದೆ ಸ್ಟಾರ್ ಆದ ಆಂಡಿ ಕೋಲ್‌ಗೂ ರೆಜಿಸ್ಸೇ ಹೀರೋ.

ರೆಜಿಸ್ ತೀರಿಕೊಂಡ ಎರಡು ವಾರದ ಮೇಲೆ, ವೆಸ್ಟ್ ಬ್ರಾಮ್‌ನ ಹಾಥಾರ್ನ್ಸ್ ಸ್ಟೇಡಿಯಮ್ಮಿನಲ್ಲೇ ಶ್ರದ್ಧಾಂಜಲಿ ಸಭೆ. ಸಾವಿರಾರು ಜನ ಬಂದ್ರು. ಕೊವೆಂಟ್ರಿಯವರಿಗೂ ಅದು ಮನೆಯ ಸಾವೇ: 1987ರಲ್ಲಿ ಎಫ್‌ಎ ಕಪ್ ಗೆದ್ದ ಅವರ ತಂಡದಲ್ಲೂ ರೆಜಿಸ್ ಇದ್ರು.

2019ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಪೇಟೆಯ ನಡುವೆ ರೆಜಿಸ್, ಕನ್ನಿಂಗ್‌ಹ್ಯಾಮ್, ಬ್ಯಾಟ್ಸನ್ ಮೂವರ ಕಂಚಿನ ಪ್ರತಿಮೆ ನಿಲ್ಲಿಸಿದ್ರು.