ಉರಿಯ ಲೆಕ್ಕ

ಕನ್ನಡದ ‘ಹೊತ್ತು’ ಎಂಬ ಪದ ನನಗೆ ಬಹಳ ಕಾಲದಿಂದ ಪ್ರಿಯವಾದದ್ದು. ಅದು ಕಾಲವೂ ಹೌದು. ಬೆಂಕಿ ಹತ್ತಿಕೊಳ್ಳುವುದೂ ಹೌದು. ಭಾರವನ್ನು ತಲೆಯ ಮೇಲೆ ಧರಿಸಿ ಎಂಬ ಅರ್ಥವೂ ಅದಕ್ಕುಂಟು. ನಿಘಂಟಿನಲ್ಲಿ ಇವುಗಳಿಗೆ ಬೇರೆ ಬೇರೆ ಸ್ಥಾನ. ಆದರೆ ನನ್ನ ತಾಯಿಯ ಬದುಕಿನಲ್ಲಿ ಮೂರೂ ಒಂದೇ ಆಗಿದ್ದವು. ಸೌದೆಯನ್ನು ಹೊತ್ತು ತಂದರೆ ಒಲೆ ಹೊತ್ತುತ್ತಿತ್ತು. ಅದರಲ್ಲಿಯೇ ಅವಳ ಹೊತ್ತು ಕಳೆಯುತ್ತಿತ್ತು.

ನಮ್ಮೂರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರು ಅದನ್ನು ಇಂದು ಹಾಲಿನ ಡೇರಿಯಿಂದ ಗುರುತಿಸುತ್ತಾರೆ. ನನ್ನ ಬಾಲ್ಯದಲ್ಲಿ ಅದು ಕಬ್ಬು, ಭತ್ತ, ರಾಗಿಗಳ ನಡುವಣ ಒಂದು ಹಳ್ಳಿ. ನಮ್ಮ ಅಡುಗೆಮನೆಯಲ್ಲಿ ಒಂದು ಒಲೆ, ಅದಕ್ಕೆ ಅಂಟಿಕೊಂಡಂತೆ ಒಂದು ಕೋಡೊಲೆ. ಮುಂದಿನ ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುವಾಗ, ಅದನ್ನು ದಾಟಿ ಬಂದ ಉರಿಯಲ್ಲಿ ಕೋಡೊಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಹಿಂದಿನ ರಾತ್ರಿಯೇ ನೆನೆಸಿದ ಹುರುಳಿ ಅದು. ಅಡುಗೆ ಮುಗಿದೊಡನೆ ಕೊಳ್ಳಿಗಳನ್ನು ಹೊರಗೆಳೆದು ಆರಿಸುವುದು, ಉಳಿದ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಗ್ಗೆ ಅದೇ ಕೆಂಡವನ್ನು ಊದಿ ಒಲೆ ಹಚ್ಚುವುದು: ಇದೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟ ಪಾಠವಲ್ಲ. ನಾನು ಆಟಕ್ಕೆಂದು ಒಂದು ಕಡ್ಡಿಯನ್ನು ಒಲೆಗೆ ತುರುಕಿದರೆ, “ಉರಿಗೂ ಒಂದು ಲೆಕ್ಕ ಐತೆ ಕಣಪ್ಪ” ಎನ್ನುತ್ತಿದ್ದಳು.

ಆ ಲೆಕ್ಕ ಅವಳಿಗೆ ಗೊತ್ತಿದ್ದದ್ದು ಏಕೆ? ಉರಿಯ ತೂಕ ಅವಳ ನೆತ್ತಿಗೆ ಗೊತ್ತಿತ್ತು. ಹಿಪ್ಪುನೇರಳೆಯ ಕಡ್ಡಿ, ತೆಂಗಿನ ಎಡೆಮಟ್ಟೆ, ತೋಟದ ಒಣಗಿದ ಕೊಂಬೆ ಇವುಗಳನ್ನು ಕಟ್ಟಿ, ಸಿಂಬೆಯಿಟ್ಟು ಹೊತ್ತು ತಂದವಳು ಅವಳೇ. ಹೊತ್ತವರು ಪೋಲು ಮಾಡುವುದಿಲ್ಲ.

ನಾನು ಮಿಡಲ್ ಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ವಿದ್ಯುದ್ದೀಪ ಬಂತು. ಇಲ್ಲಿ ಒಂದು ವಿಪರ್ಯಾಸವಿದೆ. ಮದ್ದೂರಿನಿಂದ ಮಳವಳ್ಳಿಯನ್ನು ದಾಟಿ ಹೋದರೆ ಶಿವನಸಮುದ್ರ. ಅಲ್ಲಿ ಕಾವೇರಿಯ ಬೀಳಿನಿಂದ ವಿದ್ಯುತ್ತನ್ನು ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕಂಡ ಆ ಕನಸು ನನಸಾಗುವ ಮುನ್ನವೇ, 1901ರಲ್ಲಿ, ಅವರು ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ನೀರಿನಿಂದ ಬೆಳಗಿದವು. ನೀರು ಧುಮುಕುತ್ತಿದ್ದ ಜಿಲ್ಲೆಯ ನಮ್ಮ ಮನೆ ಮಾತ್ರ ಆಮೇಲೆ ಅರವತ್ತಕ್ಕೂ ಹೆಚ್ಚು ವರ್ಷ ಸೀಮೆಎಣ್ಣೆಯ ಬುಡ್ಡಿಯನ್ನೇ ನೆಚ್ಚಿಕೊಂಡಿತ್ತು. ಆದುದರಿಂದ ಹಳ್ಳಿಯ ಬಡವನಿಗೆ ಮಿತವ್ಯಯವನ್ನು ಬೋಧಿಸುವ ಉತ್ಸಾಹ ನನಗಿಲ್ಲ. ಇಲ್ಲದವನು ಉಳಿಸುವುದಾದರೂ ಏನನ್ನು? ನಾನು ಹೇಳುತ್ತಿರುವುದು ನನ್ನಂಥವರ, ಗೋಡೆಗೆ ಹತ್ತಾರು ಸ್ವಿಚ್ಚುಗಳಿರುವವರ ವಿಚಾರ.

ವಿದ್ಯುತ್ತು ಬಂದಾಗ ಭಾರ ಮಾಯವಾಯಿತು. ಭಾರದೊಡನೆ ಲೆಕ್ಕವೂ ಮಾಯವಾಯಿತು. ಗುಂಡಿಯನ್ನು ಒತ್ತುವ ಬೆರಳಿಗೆ ಯಾವ ತೂಕವೂ ತಿಳಿಯುವುದಿಲ್ಲ. ಆ ತೂಕವನ್ನು ಮತ್ತೆ ಕಾಣುವ ಬಗೆ ಯಾವುದೆಂದು ಕಾಲೇಜಿನ ದಿನಗಳಲ್ಲಿ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಉತ್ತರಪತ್ರಿಕೆಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿ ಕೊಟ್ಟರು. ಒಂದು ಯೂನಿಟ್ ಎಂದರೆ ಸಾವಿರ ವಾಟ್‌ನ ಉಪಕರಣವೊಂದು ಒಂದು ಗಂಟೆ ಕಾಲ ನಡೆಯಲು ಬೇಕಾಗುವ ಶಕ್ತಿ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ನೀರು ಸುಮಾರು ನಾನೂರು ಅಡಿ ಇಳಿಯುತ್ತದೆ. ಯಂತ್ರಗಳಲ್ಲಿ ಆಗುವ ನಷ್ಟವನ್ನೂ ಹಿಡಿದರೆ, ಒಂದು ಯೂನಿಟ್ ಹುಟ್ಟಲು ಅಂದಾಜು ಮೂರು ಸಾವಿರದ ಆರುನೂರು ಲೀಟರ್ ನೀರು ಅಷ್ಟು ಆಳಕ್ಕೆ ಬೀಳಬೇಕು. ಹದಿನೈದು ಲೀಟರ್ ಹಿಡಿಯುವ ಬಿಂದಿಗೆಯಲ್ಲಿ ಅಳೆದರೆ ಇನ್ನೂರನಲವತ್ತು ಬಿಂದಿಗೆ.

ಇದು ಇಂಜಿನಿಯರರ ಕರಾರುವಾಕ್ಕಾದ ಲೆಕ್ಕವಲ್ಲ, ಮೇಷ್ಟರುಗಳ ಸ್ಥೂಲ ಲೆಕ್ಕ. ಆದರೂ ಅಂದಿನಿಂದ ನನ್ನ ಮನೆ ನನಗೆ ಬೇರೆಯಾಗಿ ಕಾಣತೊಡಗಿತು. ಇಪ್ಪತ್ತು ಲೀಟರ್ ತಣ್ಣೀರನ್ನು ವಿದ್ಯುತ್ತಿನಿಂದ ಸ್ನಾನದ ಬಿಸಿಗೆ ತರಲು ಅರ್ಧ ಯೂನಿಟ್‌ಗೆ ತುಸು ಕಡಿಮೆ ಬೇಕು. ಎಂದರೆ, ಒಂದೂಕಾಲು ಬಿಂದಿಗೆಗೆ ತುಸು ಮಿಕ್ಕ ನೀರು ಕಾಯಲೆಂದು ನೂರಹತ್ತು ಬಿಂದಿಗೆ ನೀರು ಮಳವಳ್ಳಿಯ ಸೀಮೆಯಲ್ಲಿ ಧುಮುಕಬೇಕು. ಹಳೆಯ ಅರವತ್ತು ವಾಟ್‌ನ ಬುರುಡೆದೀಪ ಸಂಜೆ ಐದು ಗಂಟೆ ಉರಿದರೆ ಎಪ್ಪತ್ತೆರಡು ಬಿಂದಿಗೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ ಒಂಬತ್ತು ವಾಟ್‌ನ ಎಲ್‌ಇಡಿ ದೀಪಕ್ಕೆ ಹನ್ನೊಂದು. ಎಪ್ಪತ್ತೈದು ವಾಟ್‌ನ ಹಳೆಯ ಫ್ಯಾನು ಒಂದು ರಾತ್ರಿ ಹತ್ತು ಗಂಟೆ ತಿರುಗಿದರೆ ನೂರೆಂಬತ್ತು. ಈಗ ಸಿಗುವ ಮೂವತ್ತು ವಾಟ್‌ನ ಹೊಸ ಬಗೆಯ ಫ್ಯಾನಿಗೆ ಎಪ್ಪತ್ತೆರಡು. ಟಿ.ವಿ.ಯನ್ನು ಆರಿಸಿದ ಮೇಲೂ ಅದರ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ಚುಕ್ಕೆಯೊಂದು ಮಿನುಗುತ್ತಿರುತ್ತದಲ್ಲ, ಆ ಪೆಟ್ಟಿಗೆ ಹತ್ತು ವಾಟ್ ಎಳೆಯುತ್ತಿದ್ದರೆ, ತಿಂಗಳಿಗೆ ಏಳು ಯೂನಿಟ್. ಸಾವಿರದ ಏಳುನೂರು ಬಿಂದಿಗೆ. ಯಾರೂ ನೋಡದ ಚಿತ್ರಕ್ಕೆ, ಯಾರೂ ಕೇಳದ ಹಾಡಿಗೆ ಇಷ್ಟು ನೀರು!

ಇಂದು ನಮ್ಮ ವಿದ್ಯುತ್ತೆಲ್ಲ ನೀರಿನಿಂದಲೇ ಬರುತ್ತಿಲ್ಲ ಎಂಬುದು ನಿಜ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಅಂಥಲ್ಲಿ ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋಗ್ರಾಂಗೆ ಹತ್ತಿರ ಹತ್ತಿರ ಕಲ್ಲಿದ್ದಲು ಬೇಕು. ಪಾವಗಡದಲ್ಲಿ 2019ರ ಹೊತ್ತಿಗೆ 2050 ಮೆಗಾವಾಟ್‌ನ ಸೌರ ಉದ್ಯಾನ ತಲೆಯೆತ್ತಿತು. ಬಿಸಿಲಿನ ವಿದ್ಯುತ್ತು ಹಗಲಿನದು. ಆದ್ದರಿಂದ ತೊಟ್ಟಿಗೆ ನೀರೆತ್ತುವ, ಬಟ್ಟೆ ಒಗೆಯುವ ಯಂತ್ರಗಳನ್ನು ಹಗಲಿನಲ್ಲಿಯೇ ನಡೆಸುವುದು ಒಂದು ಸಣ್ಣ ವಿವೇಕ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ಹೋದಾಗ, ನಾಲೆಯ ನೀರಿಗೂ ವಿದ್ಯುತ್ತಿಗೂ ಒಟ್ಟಿಗೆ ಕೊರತೆ ಬಂದುದನ್ನು ಮಂಡ್ಯದ ಜನ ಕಂಡಿದ್ದಾರೆ. ಬಿಂದಿಗೆಯ ಲೆಕ್ಕ ಬರಿಯ ಉಪಮೆಯಲ್ಲ ಎಂದು ಆಗ ನನಗೆ ಮನವರಿಕೆಯಾಯಿತು.

ಇಲ್ಲಿಯವರೆಗೆ ನಾನು ಹೇಳಿದ್ದು ತಾಯಿಯ ಜಾಣ್ಮೆಯ ಕಥೆ. ಅದರ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ನಾನು ಸುಳ್ಳು ಹೇಳಿದಂತೆ. ನಮ್ಮ ಅಡುಗೆಮನೆಯ ಮಾಡು ಇಲ್ಲಣ ಕಟ್ಟಿ ಕಪ್ಪಾಗಿತ್ತು. ಹೊಗೆ ಹೋಗಲು ಇದ್ದದ್ದು ಒಂದು ಬೆಳಕಿಂಡಿ ಮಾತ್ರ. ಐವತ್ತು ದಾಟುವ ಮೊದಲೇ ತಾಯಿಗೆ ಕೆಮ್ಮು ಹತ್ತಿತು, ಆಮೇಲೆ ಏದುಸಿರು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಇವರಿಗೆ ಬೀಡಿ ಸೇದುವ ಅಭ್ಯಾಸವಿತ್ತೆ?” ನಾವೆಲ್ಲ ಅವಾಕ್ಕಾದೆವು. ತಾಯಿ ಮಾತ್ರ ನಕ್ಕು, “ಒಲೆ ಸೇದಿದ್ದೀನಿ ಸ್ವಾಮಿ” ಎಂದಳು. ಆ ಏದುಸಿರೇ ಅವಳನ್ನು ಕೊಂಡೊಯ್ದಿತು.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ನಿವೃತ್ತನಾಗಿ ಊರಿಗೆ ಹಿಂದಿರುಗಿದಾಗ, ವಿದ್ಯುತ್ತನ್ನು ಉಳಿಸುವ ಉಮೇದಿನಲ್ಲಿ ಹಿತ್ತಿಲ ಬಚ್ಚಲಿನ ಹಳೆಯ ಹಂಡೆಗೆ ಮರುಜೀವ ಕೊಟ್ಟೆ. ತೋಟದಲ್ಲಿ ಕಡ್ಡಿಗೂ ಗರಿಗೂ ಬರವಿರಲಿಲ್ಲ. ಬಂದ ಸ್ನೇಹಿತರಿಗೆಲ್ಲ ನನ್ನ ಪರಿಸರಪ್ರೇಮವನ್ನು ವರ್ಣಿಸಿದೆ. ಮಾಗಿಯ ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ಹೆಂಡತಿಗೆ ರಾತ್ರಿಯೆಲ್ಲ ಕೆಮ್ಮು. ಒಂದು ಮುಂಜಾನೆ ಹೊಗೆಯ ನಡುವಿನಿಂದ ಎದ್ದು ಬಂದು, ಕಣ್ಣೊರೆಸಿಕೊಂಡು ಆಕೆ ಹೇಳಿದಳು: “ಉಳಿಸೋದು ನೀವು, ಊದೋದು ನಾನು.”

ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಷ್ಟು ಅಡಕವಾದ ವಿಮರ್ಶೆಯನ್ನು ಬರೆಯಲು ಸಾಧ್ಯವಾಗಿರಲಿಲ್ಲ. ಉಳಿತಾಯಕ್ಕೆ ಎರಡು ಲೆಕ್ಕಗಳುಂಟು. ಎಷ್ಟು ಉಳಿಯಿತು ಎಂಬುದು ಒಂದು. ಅದರ ಬೆಲೆಯನ್ನು ತೆತ್ತವರು ಯಾರು ಎಂಬುದು ಇನ್ನೊಂದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಹೊಗಳುವುದು ನಮ್ಮ ಗಂಡಸರ ಹಳೆಯ ಚಾಳಿ.

ಈ ಎರಡನೆಯ ಲೆಕ್ಕವನ್ನು ವಿಜ್ಞಾನಿಗಳು ಕೈಗೆತ್ತಿಕೊಂಡ ಪ್ರಸಂಗವೂ ನಮ್ಮ ನಾಡಿನದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತನದಲ್ಲಿ, ಹಳ್ಳಿಗಳಿಗೆ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಅವರು ತುಮಕೂರು ಜಿಲ್ಲೆಯ ಉಂಗ್ರ ಮತ್ತು ಸುತ್ತಣ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದರು. ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಸೌದೆ, ಅದರಲ್ಲಿ ಬಹುಪಾಲು ಅಡುಗೆಗೆ, ಅದರ ದುಡಿಮೆಯ ಬಹುಪಾಲು ಹೆಂಗಸರದು ಎಂಬುದು ಆ ಅಳತೆಯಿಂದ ಹೊರಬಿತ್ತು. ಅಲ್ಲಿಂದ ಮುಂದೆ ಹುಟ್ಟಿದ್ದು ಅಸ್ತ್ರ ಒಲೆ.

ಹಳೆಯ ಒಲೆಯಲ್ಲಿ ಹತ್ತು ಪಾಲು ಉರಿಯಲ್ಲಿ ಪಾತ್ರೆಗೆ ತಲುಪುತ್ತಿದ್ದದ್ದು ಒಂದೋ ಒಂದೂವರೆಯೋ ಪಾಲು. ಮಿಕ್ಕದ್ದು ಗಾಳಿಗೆ, ಗೋಡೆಗೆ, ಅರೆಬೆಂದ ಹೊಗೆಗೆ. ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಜಾಲರಿಯಿಟ್ಟು ಗಾಳಿ ಅಡಿಯಿಂದ ಬರುವಂತೆ ಮಾಡಿದರು, ಬಾಯಿಯನ್ನು ಕಿರಿದುಗೊಳಿಸಿದರು, ಬಿಸಿಗಾಳಿ ಒಂದರ ಹಿಂದೊಂದು ಮೂರು ಪಾತ್ರೆಗಳ ತಳವನ್ನು ಸವರಿಕೊಂಡು ಹೋಗುವಂತೆ ಹಾದಿ ತೆಗೆದರು, ಕೊನೆಗೆ ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆ ಕಳುಹಿಸಿದರು. ಹತ್ತರಲ್ಲಿ ಮೂರು ಪಾಲಿಗೂ ಮಿಕ್ಕಿ ಶಾಖ ಪಾತ್ರೆಗೆ ಸಿಕ್ಕಿತು. ನನ್ನ ತಾಯಿಯ ಕೋಡೊಲೆಯ ಜಾಣ್ಮೆ ಅಲ್ಲಿ ಉಳಿಯಿತು. ಅವಳ ಕೆಮ್ಮು ಉಳಿಯಲಿಲ್ಲ. ಪರಂಪರೆಯನ್ನು ತಿದ್ದುವುದೆಂದರೆ ಇದೇ ಇರಬೇಕು.

2006ರಲ್ಲಿ ತೀರಿಕೊಂಡ ರೆಡ್ಡಿಯವರು ಮತ್ತೆ ಮತ್ತೆ ಒತ್ತಿಹೇಳಿದ ಒಂದು ವಿಚಾರ ಗೃಹಸ್ಥರಿಗೆಲ್ಲ ಉಪಯುಕ್ತವಾದದ್ದು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ. ಬೆಳಕು, ಬೆಂದ ಅನ್ನ, ಬಿಸಿನೀರು. ಅವು ಕಡಿಮೆ ಶಕ್ತಿಯಲ್ಲಿ ದೊರಕುವುದಾದರೆ ಯಾರೂ ಏನನ್ನೂ ಕಳೆದುಕೊಂಡಂತಾಗುವುದಿಲ್ಲ. ಕತ್ತಲಲ್ಲಿ ಕೂರುವುದು ಉಳಿತಾಯವಲ್ಲ, ಅಷ್ಟೇ ಬೆಳಕನ್ನು ಕಡಿಮೆ ಖರ್ಚಿನಲ್ಲಿ ಪಡೆಯುವುದು ಉಳಿತಾಯ.

ಹೆಂಡತಿಯ ಆ ಮಾತಿನ ನಂತರ ನಮ್ಮ ಮನೆಯಲ್ಲಿ ಕೆಲವು ಬದಲಾವಣೆಗಳಾದವು. ಹಂಡೆ ಅಟ್ಟಕ್ಕೆ ಹೋಯಿತು; ತಾರಸಿಯ ಮೇಲೆ ನೂರು ಲೀಟರಿನ ಸೋಲಾರ್ ಹಂಡೆ ಬಂತು. ನೂರು ಲೀಟರ್ ನೀರು ಮೂವತ್ತು ಡಿಗ್ರಿ ಬಿಸಿಯೇರಿದರೆ ಮೂರೂವರೆ ಯೂನಿಟ್ಟಿನಷ್ಟು ಕೆಲಸವನ್ನು ಸೂರ್ಯನೇ ಮಾಡಿದಂತೆ. ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಆಯಿತು. ನಾಲ್ಕೈದು ರಾಸುಗಳ ಸಗಣಿಯಿದ್ದರೆ ಒಂದು ಸಂಸಾರದ ಅಡುಗೆಗೆ ಸಾಕಾಗುವಷ್ಟು ಅನಿಲ ದೊರೆಯುತ್ತದೆ. ಸಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ಹೊಲಕ್ಕೆ ಸೇರಬೇಕಾದ ಸಾರಜನಕ ಹೊಗೆಯ ಪಾಲಾಗುತ್ತದೆ. ಇಲ್ಲಿ ಉರಿಯೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಹಾಲಿಗಾಗಿ ಹಸು ಕಟ್ಟುವ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದ್ದು. ಅನಿಲದ ಒಲೆಯ ಮೇಲೆಯೂ ತಾಯಿಯ ಸೂತ್ರಗಳು ಹಾಗೆಯೇ ನಡೆಯುತ್ತವೆ: ಕಾಳನ್ನು ನೆನೆಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು. ಕುದಿಯುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅದು ಇನ್ನಷ್ಟು ಬಿಸಿಯಾಗುವುದಿಲ್ಲ, ಆವಿಯಾಗುತ್ತದೆ ಅಷ್ಟೆ.

ಕೊನೆಯದಾಗಿ ಒಂದು ಮಾತು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ, ತಿಂಗಳಿಗೆ ಇನ್ನೂರು ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ, ಮನೆಗಳಿಗೆ ಉಚಿತ ವಿದ್ಯುತ್ತು ದೊರೆಯಿತು. ಬಡಮನೆಗಳಿಗೆ ಅದು ದೊಡ್ಡ ನೆಮ್ಮದಿ. ಬುಡ್ಡಿಯ ಬೆಳಕಿನಲ್ಲಿ ಓದಿದ ನನಗೆ ಅದರ ಬಗ್ಗೆ ಗೊಣಗುವ ಅಧಿಕಾರವಿಲ್ಲ. ಆದರೆ ಸೊನ್ನೆಯ ಬಿಲ್ಲು ನೋಡಿ, “ಇನ್ನೇಕೆ ಆರಿಸಬೇಕು?” ಎಂದು ನೆರೆಯವರೊಬ್ಬರು ಕೇಳಿದಾಗ ನನಗೆ ತಾಯಿಯ ನೆನಪಾಯಿತು. ಅವಳ ಸೌದೆಗೂ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಅದು ಬಿಟ್ಟಿಯಾಗಿಯೇ ಸಿಗುತ್ತಿತ್ತು. ಆದರೂ ಅವಳು ಲೆಕ್ಕ ಇಟ್ಟಿದ್ದಳು.

ತಾವು ಇಂದು ರಾತ್ರಿ ದೀಪವಾರಿಸಿ ಮಲಗುವ ಮುನ್ನ, ಕತ್ತಲೆಯಲ್ಲಿ ಒಮ್ಮೆ ಮನೆಯನ್ನು ಸುತ್ತಿ ಬನ್ನಿ. ಎಲ್ಲೆಲ್ಲಿ ಕೆಂಪು ಚುಕ್ಕೆಗಳು ಮಿನುಗುತ್ತಿವೆ ಎಂದು ಎಣಿಸಿ. ಎಷ್ಟು ಬಿಂದಿಗೆ ಎಂದು ಕೇಳಿಕೊಳ್ಳಿ. ಹೊರುತ್ತಿರುವವರು ಯಾರು ಎಂದೂ ಕೇಳಿಕೊಳ್ಳಿ.

(ಬಾನುಲಿ ಭಾಷಣ)